ಮುಟ್ಟದೆ ಫೋನ್ ನಡೆಸುವುದು: ಕೈಸನ್ನೆ ಕೈಕೊಡದಂತೆ ಹೊಂದಿಸುವ ಬಗೆ

ಕೈಗೆ ಹಿಟ್ಟು ಮೆತ್ತಿರುತ್ತದೆ, ಗ್ರೀಸ್ ಹತ್ತಿರುತ್ತದೆ, ಇಲ್ಲವೇ ಒಂದು ಕೈ ವಾದ್ಯದ ಮೇಲಿರುತ್ತದೆ. ಎದುರಿಗಿಟ್ಟ ಫೋನಿನಲ್ಲಿ ಪುಟ ಮುಂದೆ ಸರಿಯಬೇಕು. ಸ್ಕ್ರೀನ್ ಮುಟ್ಟದೆ, ಗಾಳಿಯಲ್ಲೇ ಕೈ ಆಡಿಸಿ ಈ ಕೆಲಸ ಮಾಡಿಸುವ ಸೌಲಭ್ಯ ಕೆಲವು ಫೋನ್‌ಗಳಲ್ಲಿ ಮೊದಲೇ ಇದೆ. ಇಲ್ಲದ ಆಂಡ್ರಾಯ್ಡ್ ಫೋನಿಗೂ ಸ್ವಲ್ಪ ಮಟ್ಟಿಗೆ ಕೂಡಿಸಬಹುದು. ಸನ್ನೆ ಹಿಡಿಯುತ್ತಿಲ್ಲ ಎಂದಾಗ ತಪ್ಪು ಫೋನಿನದ್ದಾಗಿರುವುದು ಕಡಿಮೆ. ಫೋನ್ ಇಟ್ಟ ಕೋನ, ಬೆಳಕು ಬರುವ ದಿಕ್ಕು, ಸನ್ನೆ ಮುಗಿದ ಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳುವ ರೀತಿ, ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ. ಇಲ್ಲಿ ಹೆಚ್ಚು ಮಾತು ಅವುಗಳ ಬಗ್ಗೆಯೇ.

ಫೋನಿಗೆ ಕೈ ಕಾಣುವುದು ಹೇಗೆ

ಮೊದಲನೆಯದು ಪ್ರಾಕ್ಸಿಮಿಟಿ ಸೆನ್ಸರ್. ಕರೆ ಮಾಡುವಾಗ ಕಿವಿ ಹತ್ತಿರ ಬಂದರೆ ಸ್ಕ್ರೀನ್ ಆರಿಸುವ ಸಾಧನ ಇದೇ. ಇಯರ್‌ಪೀಸ್ ಪಕ್ಕದಿಂದ ಇನ್ಫ್ರಾರೆಡ್ ಬೆಳಕು ಹೊರಟು, ಕೈಗೆ ಬಡಿದು ವಾಪಸ್ ಬರುತ್ತದೆ. ಹೆಚ್ಚಿನ ಫೋನ್‌ಗಳಲ್ಲಿ ಇದು ಹೇಳುವುದು ಎರಡೇ ಮಾತು: ಏನೋ ಹತ್ತಿರ ಇದೆ, ಅಥವಾ ಇಲ್ಲ. ಅದೂ ಸುಮಾರು 5 ಸೆಂ.ಮೀ. ಒಳಗೆ. ಎಡ-ಬಲ, ಬೆರಳು-ಮುಷ್ಟಿ ಇದಕ್ಕೆ ಗೊತ್ತಾಗುವುದಿಲ್ಲ. ಆದರೆ ಬ್ಯಾಟರಿ ಬಹಳ ಕಡಿಮೆ ತಿನ್ನುತ್ತದೆ, ಕತ್ತಲಲ್ಲೂ ಕೆಲಸ ಮಾಡುತ್ತದೆ.

ಎರಡನೆಯದು ಮುಂಬದಿ ಕ್ಯಾಮೆರಾ. ಚಿತ್ರದಲ್ಲಿ ಮೊದಲು ಅಂಗೈ ಎಲ್ಲಿದೆ ಎಂದು ಹುಡುಕಿ, ಆಮೇಲೆ ಬೆರಳ ಗಂಟುಗಳನ್ನು ಗುರುತಿಸುವ ಸಾಫ್ಟ್‌ವೇರ್ ಇದರ ಹಿಂದೆ ಇರುತ್ತದೆ. ಎಡ, ಬಲ, ಮೇಲೆ, ಕೆಳಗೆ, ಅಂಗೈ, ಮುಷ್ಟಿ, ಹೆಬ್ಬೆರಳು, ಎಲ್ಲವೂ ಇದಕ್ಕೆ ತಿಳಿಯುತ್ತದೆ. ಬೆಳಕು ಮಾತ್ರ ಬೇಕೇ ಬೇಕು.

ಮೂರನೆಯದು ಸನ್ನೆಗೆಂದೇ ಇಟ್ಟ ವಿಶೇಷ ಸಾಧನಗಳು. 2013ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರಲ್ಲಿ ಇನ್ಫ್ರಾರೆಡ್ ಸನ್ನೆ ಸೆನ್ಸರ್ ಇತ್ತು. 2019ರ ಎಲ್‌ಜಿ ಜಿ8 ಫೋನಿನಲ್ಲಿ ದೂರ ಅಳೆಯುವ ಟೈಮ್-ಆಫ್-ಫ್ಲೈಟ್ ಕ್ಯಾಮೆರಾ ಇತ್ತು. ಅದೇ ವರ್ಷದ ಗೂಗಲ್ ಪಿಕ್ಸೆಲ್ 4ರಲ್ಲಿ ಸೋಲಿ ಎಂಬ 60 ಗಿಗಾಹರ್ಟ್ಸ್ ರೇಡಾರ್ ಚಿಪ್ ಇತ್ತು. ಆ ತರಂಗಾಂತರಕ್ಕೆ ಅನುಮತಿ ಇಲ್ಲದ ದೇಶಗಳಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಪಿಕ್ಸೆಲ್ 5ರಲ್ಲಿ ಗೂಗಲ್ ಅದನ್ನು ಕೈಬಿಟ್ಟಿತು. ಇಂದು ನೀವು ಬಳಸುವುದು ಬಹುತೇಕ ಮೊದಲ ಎರಡರಲ್ಲಿ ಒಂದನ್ನು.

ಯಾವುದನ್ನು ಆರಿಸಬೇಕು ಎನ್ನುವುದಕ್ಕೆ ನೇರ ಲೆಕ್ಕವಿದೆ. ಮಾಡಿಸಬೇಕಾದ ಕೆಲಸ ಒಂದೇ ಆದರೆ (ಮುಂದಿನ ಪುಟ, ಅಥವಾ ಹಾಡು ನಿಲ್ಲಿಸುವುದು) ಪ್ರಾಕ್ಸಿಮಿಟಿ ಸೆನ್ಸರ್ ಸಾಕು, ಅದೇ ಹೆಚ್ಚು ನಂಬಿಕಸ್ಥ. ಎರಡು ದಿಕ್ಕು ಬೇಕಾದರೆ ಕ್ಯಾಮೆರಾ. ಕ್ಯಾಮೆರಾದಲ್ಲೂ ಮೂರ್ನಾಲ್ಕಕ್ಕಿಂತ ಹೆಚ್ಚು ಸನ್ನೆ ಇಟ್ಟುಕೊಳ್ಳಬೇಡಿ. ಸನ್ನೆ ಹೆಚ್ಚಿದಷ್ಟೂ ಒಂದನ್ನು ಇನ್ನೊಂದೆಂದು ಫೋನ್ ತಪ್ಪು ತಿಳಿಯುತ್ತದೆ, ನೀವೂ ಮರೆಯುತ್ತೀರಿ.

ನಿಮ್ಮ ಫೋನಿನಲ್ಲೇ ಇದೆಯೇ ನೋಡಿ

ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕು ಪೆಟ್ಟಿಗೆಯಲ್ಲಿ "ಏರ್ ಗೆಸ್ಚರ್" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಮೆನು ಮೆನು ಅಲೆಯುವುದಕ್ಕಿಂತ ಇದು ಬೇಗ. ಕಂಪನಿಗಳು ಪ್ರತಿ ಅಪ್‌ಡೇಟ್‌ನಲ್ಲೂ ಜಾಗ ಬದಲಿಸುತ್ತವೆ. ಹುವಾವೇ ಮೇಟ್ 30 ಪ್ರೊ ಮತ್ತು ಆಮೇಲಿನ ಕೆಲವು ಮಾಡೆಲ್‌ಗಳಲ್ಲಿ ಆಕ್ಸೆಸಿಬಿಲಿಟಿ ಫೀಚರ್ಸ್ ಒಳಗೆ ಶಾರ್ಟ್‌ಕಟ್ಸ್ ಆಂಡ್ ಗೆಸ್ಚರ್ಸ್, ಅದರೊಳಗೆ ಏರ್ ಗೆಸ್ಚರ್ಸ್ ಇರುತ್ತದೆ. ರಿಯಲ್‌ಮಿ ನಾರ್ಜೊ 70 ಪ್ರೊ ಕೂಡ ಈ ಸೌಲಭ್ಯದೊಂದಿಗೆ ಬಂದ ಫೋನ್.

ಹುವಾವೇ ಫೋನ್‌ಗಳ ಕ್ರಮ ಹೀಗಿದೆ: ಅಂಗೈಯನ್ನು ಸ್ಕ್ರೀನಿಗೆ ಎದುರಾಗಿ 20 ರಿಂದ 40 ಸೆಂ.ಮೀ. ದೂರದಲ್ಲಿ, ಅಂದರೆ ಒಂದರಿಂದ ಎರಡು ಗೇಣು ದೂರದಲ್ಲಿ ಹಿಡಿಯಬೇಕು. ಕೈ ಅಲುಗಾಡಬಾರದು. ಸ್ಕ್ರೀನಿನ ಮೇಲ್ತುದಿಯಲ್ಲಿ ಪುಟ್ಟ ಕೈಚಿತ್ರ ಮೂಡಿದ ಮೇಲೆ ಮೇಲಕ್ಕೋ ಕೆಳಕ್ಕೋ ಕೈ ಆಡಿಸಿದರೆ ಪುಟ ಸರಿಯುತ್ತದೆ. ಮುಷ್ಟಿ ಕಟ್ಟಿದರೆ ಸ್ಕ್ರೀನ್‌ಶಾಟ್ ಆಗುತ್ತದೆ. ಹೊಸಬರು ಎಡವುವುದು ಈ ಕಾಯುವಿಕೆಯಲ್ಲೇ. ಚಿತ್ರ ಮೂಡುವ ಮುನ್ನ ಬೀಸಿದ ಕೈಯನ್ನು ಫೋನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ಬೇಕೆಂದೇ ಇಟ್ಟ ತಡೆ. ತಡೆ ಇಲ್ಲದಿದ್ದರೆ ನೀವು ಕೂದಲು ಸರಿಮಾಡಿಕೊಂಡರೂ ಪುಟ ಓಡುತ್ತದೆ. ಈ ತೊಂದರೆಗೆ ಸಂಶೋಧಕರು, ಮುಟ್ಟಿದ್ದೆಲ್ಲ ಚಿನ್ನವಾಗುತ್ತಿದ್ದ ಕಥೆಯ ರಾಜನ ನೆನಪಿನಲ್ಲಿ, ಮೈಡಾಸ್ ಟಚ್ ಎಂದೇ ಹೆಸರಿಟ್ಟಿದ್ದಾರೆ.

ಫೋಟೊ ತೆಗೆಯುವುದಷ್ಟೇ ಬೇಕಿದ್ದರೆ ಬೇರೇನೂ ಬೇಡ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ನ ಶೂಟಿಂಗ್ ಮೆಥಡ್ಸ್ ಒಳಗೆ "ಶೋ ಪಾಮ್" ಆನ್ ಮಾಡಿ, ಸೆಲ್ಫಿ ಕ್ಯಾಮೆರಾಕ್ಕೆ ಅಂಗೈ ತೋರಿಸಿ, ಕೈ ಇಳಿಸಿ.

ಜಾಗ ಮತ್ತು ಬೆಳಕು

ಕ್ಯಾಮೆರಾ ಸನ್ನೆಗೆ ಫೋನನ್ನು ಮೇಜಿನ ಮೇಲೆ ಮಲಗಿಸಬೇಡಿ. ಆಗ ಕ್ಯಾಮೆರಾ ಚಾವಣಿ ನೋಡುತ್ತದೆ, ಮೇಲಿನ ದೀಪ ನೇರ ಲೆನ್ಸಿಗೆ ಬೀಳುತ್ತದೆ, ನಿಮ್ಮ ಕೈ ಬರೀ ಕಪ್ಪು ನೆರಳಾಗುತ್ತದೆ. ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ, ನೆಟ್ಟಗಿನ ಸ್ಥಿತಿಯಿಂದ 15–20 ಡಿಗ್ರಿ ಹಿಂದಕ್ಕೆ ಬಾಗಿಸಿ. ಎತ್ತರ ಎಷ್ಟಿರಬೇಕೆಂದರೆ, ಮೊಣಕೈ ಮೇಜಿನ ಮೇಲಿಟ್ಟು ಕೈ ಎತ್ತಿದಾಗ ಅಂಗೈ ಕ್ಯಾಮೆರಾ ಚಿತ್ರದ ನಡುವೆ ಬರಬೇಕು. ಸೆಲ್ಫಿ ಕ್ಯಾಮೆರಾ ತೆರೆದು ನೋಡಿದರೆ ಇದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಮೊಣಕೈಗೆ ಆಸರೆ ಇಲ್ಲದೆ ಕೈ ಎತ್ತಿ ಹಿಡಿಯುವ ಹಾಗಿದ್ದರೆ ಕೆಲವೇ ನಿಮಿಷದಲ್ಲಿ ಭುಜ ಸೋಲುತ್ತದೆ, ಸನ್ನೆ ಸಡಿಲವಾಗುತ್ತದೆ, ಫೋನ್ ತಪ್ಪತೊಡಗುತ್ತದೆ.

ಸ್ಟ್ಯಾಂಡ್‌ನಲ್ಲೇ ಫೋನನ್ನು ಅಡ್ಡಡ್ಡವಾಗಿ ನಿಲ್ಲಿಸಿದರೆ ಕ್ಯಾಮೆರಾ ಒಂದು ಪಕ್ಕಕ್ಕೆ ಹೋಗುತ್ತದೆ. ಆಗ ಕೈಯನ್ನು ಸ್ಕ್ರೀನಿನ ನಡುವೆ ಅಲ್ಲ, ಕ್ಯಾಮೆರಾದ ಎದುರು ಆಡಿಸಬೇಕು.

ಬೆಳಕು ಫೋನಿನ ಕಡೆಯಿಂದ ನಿಮ್ಮ ಕೈಮೇಲೆ ಬೀಳಬೇಕು. ಕಿಟಕಿ ನಿಮ್ಮ ಬೆನ್ನ ಹಿಂದಿದ್ದರೆ ಜಾಗ ಬದಲಿಸಿ, ಬೇರೆ ಉಪಾಯವಿಲ್ಲ. ಮಂದ ಬೆಳಕು ಏಕೆ ಕೆಡಿಸುತ್ತದೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಬೆಳಕು ಸಾಲದಿದ್ದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು, ಉದಾಹರಣೆಗೆ ಸೆಕೆಂಡಿನ 30ನೇ ಒಂದು ಭಾಗ, ಶಟರ್ ತೆರೆದಿಡುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬೀಸಿದ ಕೈ ಅಷ್ಟರೊಳಗೆ ಸುಮಾರು 3 ಸೆಂ.ಮೀ. ಸರಿದಿರುತ್ತದೆ. ಬೆರಳಿನ ದಪ್ಪ ಅದಕ್ಕಿಂತ ಕಡಿಮೆ. ಹಾಗಾಗಿ ಬೆರಳುಗಳು ಒಂದರೊಳಗೊಂದು ಕಲಸಿ, ಫೋನಿಗೆ ಕಾಣುವುದು ಮಸುಕು ಪಟ್ಟೆ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರದಿಂದ 15ಕ್ಕೆ ಇಳಿದರೆ ಇನ್ನೂ ಕಷ್ಟ: 0.3 ಸೆಕೆಂಡಿನ ಬೀಸಿಗೆ 9 ಚಿತ್ರದ ಬದಲು ನಾಲ್ಕೈದೇ ಸಿಗುತ್ತವೆ. ಆದ್ದರಿಂದ ಬೆಳಕು ಕಡಿಮೆ ಇದ್ದಷ್ಟೂ ಕೈ ನಿಧಾನವಾಗಲಿ. ಹಿಡಿಯಲಿಲ್ಲವೆಂದು ಜೋರಾಗಿ ಬೀಸುವುದು ಸಹಜ, ಆದರೆ ಅದು ಕೆಲಸವನ್ನು ಇನ್ನಷ್ಟು ಕೆಡಿಸುತ್ತದೆ.

ವಾಪಸ್ ಬರುವ ಕೈ

ಕೈಸನ್ನೆಯಲ್ಲಿ ಅತಿ ಹೆಚ್ಚು ಕಾಡುವ ದೋಷ ಇದು. ಬಲದಿಂದ ಎಡಕ್ಕೆ ಬೀಸಿದಿರಿ, ಪುಟ ಮುಂದೆ ಹೋಯಿತು. ಇನ್ನೊಮ್ಮೆ ಬೀಸಲು ಕೈಯನ್ನು ಬಲಕ್ಕೆ ತಂದಿರಿ, ಪುಟ ಹಿಂದೆ ಬಂತು. ಫೋನಿನ ದೃಷ್ಟಿಯಲ್ಲಿ ಎರಡೂ ಬೀಸು ಒಂದೇ ತೂಕದವು.

ಇದಕ್ಕೆ ಅಭ್ಯಾಸದಲ್ಲೇ ಪರಿಹಾರ. ಬೀಸಿ ಮುಗಿದ ಕೂಡಲೇ ಕೈಯನ್ನು ಅದೇ ದಾರಿಯಲ್ಲಿ ಹಿಂತಿರುಗಿಸದೆ ನೇರ ಕೆಳಗಿಳಿಸಿ, ಕ್ಯಾಮೆರಾದ ನೋಟದಿಂದ ಹೊರಗೆ ತನ್ನಿ; ಅಲ್ಲಿಂದಲೇ ಆರಂಭದ ಜಾಗಕ್ಕೆ ಹೋಗಿ. ಗಾಳಿಯಲ್ಲಿ ಸಣ್ಣ ವೃತ್ತ ಬರೆದ ಹಾಗೆ: ಮೇಲರ್ಧ ಫೋನಿಗೆ ಕಾಣಬೇಕು, ಕೆಳಗಿನರ್ಧ ಕಾಣಬಾರದು. ಕೆಳಗಿಳಿಸಲು ಆಗದಿದ್ದರೆ ವಾಪಸ್ ತರುವಾಗ ಮುಷ್ಟಿ ಕಟ್ಟಿ. ತೆರೆದ ಅಂಗೈಯನ್ನು ಮಾತ್ರ ಗಮನಿಸುವ ಆ್ಯಪ್ ಆಗ ಸುಮ್ಮನಿರುತ್ತದೆ. ಮೇಲೆ-ಕೆಳಗೆ ಸರಿಸುವಾಗ ಇಡೀ ತೋಳು ಆಡಿಸುವುದು ಬೇಡ, ಮಣಿಕಟ್ಟು ಮಡಿಸಿದರೆ ಸಾಕಾಗುತ್ತದೆ.

ಆ್ಯಪ್‌ನಲ್ಲಿ ಎರಡು ಸನ್ನೆಗಳ ನಡುವಿನ ಅಂತರ ಹೊಂದಿಸುವ ಅವಕಾಶವಿದ್ದರೆ 800 ಮಿಲಿಸೆಕೆಂಡಿನಿಂದ 1 ಸೆಕೆಂಡ್ ಇಡಿ. ಅರ್ಧ ಸೆಕೆಂಡ್ ಇಟ್ಟರೆ ವಾಪಸ್ ಬರುವ ಕೈ ಸಿಕ್ಕಿಬೀಳುತ್ತದೆ. 2 ಸೆಕೆಂಡ್ ಇಟ್ಟರೆ ಬೇಸರ ಬರುವಷ್ಟು ನಿಧಾನ.

ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಿಗೆ: ಪ್ರಾಕ್ಸಿಮಿಟಿ ಸೆನ್ಸರ್ ಮ್ಯಾಕ್ರೊ

ಮೊದಲು ಸೆನ್ಸರ್ ಸರಿಯಿದೆಯೇ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಡಯಲರ್‌ಗೆ ಹೋಗಿ *#0*# ಒತ್ತಿದರೆ ಪರೀಕ್ಷಾ ಮೆನು ಬರುತ್ತದೆ, ಅದರಲ್ಲಿ ಸೆನ್ಸರ್ ಆರಿಸಿ. ಬೇರೆ ಫೋನಿನಲ್ಲಿ ಯಾರಿಗಾದರೂ ಕರೆ ಮಾಡಿ ಇಯರ್‌ಪೀಸ್ ಸುತ್ತ ಬೆರಳು ಆಡಿಸಿ. ಸ್ಕ್ರೀನ್ ಎಲ್ಲಿ ಆರುತ್ತದೋ ಸೆನ್ಸರ್ ಅಲ್ಲಿದೆ. ಕೆಲವು ಫೋನ್‌ಗಳಲ್ಲಿ ಇನ್ಫ್ರಾರೆಡ್ ಸೆನ್ಸರ್ ಇರುವುದೇ ಇಲ್ಲ, ಅಲ್ಟ್ರಾಸೌಂಡ್ ಮತ್ತು ಸಾಫ್ಟ್‌ವೇರ್ ಸೇರಿ ಅದರ ಕೆಲಸ ಮಾಡುತ್ತವೆ. ಕರೆಯ ಹೊರಗೆ ಅದು ನಂಬಿಕೆಗೆ ಅರ್ಹವಲ್ಲ. ಅಂಥ ಫೋನಿಗೆ ಈ ದಾರಿ ಬಿಟ್ಟು ಕ್ಯಾಮೆರಾ ದಾರಿ ಹಿಡಿಯಿರಿ.

ಮ್ಯಾಕ್ರೊ ಎಂದರೆ ಇಂಥದ್ದು ಆದಾಗ ಇಂಥ ಕೆಲಸ ಮಾಡು ಎಂದು ಫೋನಿಗೆ ಮೊದಲೇ ಹೇಳಿಡುವ ಸೂಚನೆ. ಅದನ್ನು ಮ್ಯಾಕ್ರೊಡ್ರಾಯ್ಡ್ ಆ್ಯಪ್‌ನಲ್ಲಿ ಮಾಡುವ ಕ್ರಮ ಇದು. ಟಾಸ್ಕರ್ ಎಂಬ ಆ್ಯಪ್‌ನಲ್ಲೂ ತತ್ವ ಅದೇ.

1. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. ಅದರಲ್ಲಿ ಪಾಯಿಂಟರ್ ಲೊಕೇಶನ್ ಆನ್ ಮಾಡಿ. ಈಗ ಸ್ಕ್ರೀನ್ ಮುಟ್ಟಿದ ಕಡೆಯ ಎಕ್ಸ್, ವೈ ಸಂಖ್ಯೆಗಳು ಮೇಲೆ ಕಾಣುತ್ತವೆ. ನೀವು ಓದುವ ಆ್ಯಪ್‌ನಲ್ಲಿ ಬೆರಳಿನಿಂದ ಪುಟ ಸರಿಸಿ, ಎಲ್ಲಿಂದ ಎಲ್ಲಿಗೆ ಸರಿಸಿದಿರಿ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಪಾಯಿಂಟರ್ ಲೊಕೇಶನ್ ಆಫ್ ಮಾಡಿ.
2. ಮ್ಯಾಕ್ರೊಡ್ರಾಯ್ಡ್‌ನಲ್ಲಿ ಹೊಸ ಮ್ಯಾಕ್ರೊ ತೆರೆದು, ಟ್ರಿಗರ್ (ಮ್ಯಾಕ್ರೊ ಓಡಲು ಕಾರಣ) ಆಗಿ ಪ್ರಾಕ್ಸಿಮಿಟಿ ಸೆನ್ಸರ್ ಆರಿಸಿ. ಸೆನ್ಸರ್ ಮೇಲೆ ಕೈ ಬೀಸಿದಾಗ ಎಂಬ ಆಯ್ಕೆ ಒಳ್ಳೆಯದು. ಬರೀ "ಹತ್ತಿರ ಬಂದಾಗ" ಎಂದಿಟ್ಟರೆ ಫೋನ್ ಎತ್ತುವಾಗಲೂ ಓಡುತ್ತದೆ.
3. ಆ್ಯಕ್ಷನ್ ಆಗಿ ಯುಐ ಇಂಟರಾಕ್ಷನ್, ಅದರಲ್ಲಿ ಗೆಸ್ಚರ್. ಮೊದಲು ಬರೆದಿಟ್ಟ ಸಂಖ್ಯೆಗಳನ್ನು ಇಲ್ಲಿ ಕೊಡಿ. 1080×2400 ಸ್ಕ್ರೀನಿಗೆ ಕೆಳಮುಖ ಓದಿಗಾದರೆ ಎಕ್ಸ್ 540, ವೈ 1800ರಿಂದ ಎಕ್ಸ್ 540, ವೈ 700ಕ್ಕೆ. ಅವಧಿ 400 ಮಿಲಿಸೆಕೆಂಡ್. ಪುಟ ಮಗುಚುವ ಆ್ಯಪ್‌ಗೆ ಎಕ್ಸ್ 850ರಿಂದ 250ಕ್ಕೆ, ವೈ 1200ರಲ್ಲೇ ಇರಲಿ. ಇಲ್ಲಿ ಆ್ಯಪ್ ಆಕ್ಸೆಸಿಬಿಲಿಟಿ ಅನುಮತಿ (ನಿಮ್ಮ ಪರವಾಗಿ ಸ್ಕ್ರೀನ್ ಸರಿಸುವ ಅನುಮತಿ) ಕೇಳುತ್ತದೆ.
4. ಕನ್‌ಸ್ಟ್ರೇಂಟ್‌ನಲ್ಲಿ ಎರಡು ಷರತ್ತು ಹಾಕಿ: ಓದುವ ಆ್ಯಪ್ ಎದುರಿಗೆ ತೆರೆದಿರಬೇಕು, ಇದೇ ಮ್ಯಾಕ್ರೊ ಕಳೆದ 1 ಸೆಕೆಂಡಿನಲ್ಲಿ ಓಡಿರಬಾರದು.
5. ಸ್ಕ್ರೀನ್ ಟೈಮ್‌ಔಟ್ 10 ನಿಮಿಷಕ್ಕೆ ಏರಿಸಿ. ಮುಟ್ಟದೆ ಬಳಸುವ ಫೋನಿನ ಸ್ಕ್ರೀನ್ 30 ಸೆಕೆಂಡಿಗೆ ಆರಿಹೋದರೆ ಮಾಡಿದ್ದೆಲ್ಲ ವ್ಯರ್ಥ. ಚಾರ್ಜರ್‌ಗೆ ಹಾಕಿಯೇ ಬಳಸುವುದಾದರೆ ಡೆವಲಪರ್ ಆಪ್ಷನ್ಸ್‌ನ ಸ್ಟೇ ಅವೇಕ್ ಸಾಕು.

ಅವಧಿಯ ಸಂಖ್ಯೆ ಸಣ್ಣದೆಂದು ಕಂಡರೂ ಫಲಿತಾಂಶ ಅದರ ಮೇಲೇ ನಿಂತಿದೆ. 100 ಮಿಲಿಸೆಕೆಂಡ್ ಇಟ್ಟರೆ ಆಂಡ್ರಾಯ್ಡ್ ಅದನ್ನು ರಭಸದ ತಳ್ಳು ಎಂದು ತಿಳಿದು ಪುಟವನ್ನು ಎಷ್ಟೋ ಸಾಲು ಮುಂದಕ್ಕೆ ಓಡಿಸುತ್ತದೆ. 700ರ ಆಸುಪಾಸಿಗೆ ಬಂದರೆ ಬೆರಳು ಸರಿದಷ್ಟೇ ಸರಿದು ನಿಲ್ಲುವ ಕಡೆಗೆ ವಾಲುತ್ತದೆ. ನಿಮ್ಮ ಆ್ಯಪ್‌ಗೆ ಒಪ್ಪುವುದನ್ನು 100ರಷ್ಟು ಏರಿಸುತ್ತ ಇಳಿಸುತ್ತ ಹುಡುಕಿ. ಸ್ಕ್ರೀನಿನ ತೀರಾ ಕೆಳ ಅಂಚಿನಿಂದ ಗೆಸ್ಚರ್ ಶುರು ಮಾಡಿದರೆ ಹೋಮ್‌ಗೆ ಹೋಗುತ್ತದೆ, ಎಡ-ಬಲ ಅಂಚಿನಿಂದ ಶುರು ಮಾಡಿದರೆ ಬ್ಯಾಕ್ ಆಗುತ್ತದೆ. ಮೇಲಿನ ಸಂಖ್ಯೆಗಳು ಅಂಚಿನಿಂದ ದೂರ ಇರುವುದು ಅದಕ್ಕೇ.

ಈ ದಾರಿಯಲ್ಲಿ ಕಪ್ಪು ಕೈಗವಸು ಹಾಕಿದರೆ ಇನ್ಫ್ರಾರೆಡ್ ಹೀರಿಕೊಂಡು ಸೆನ್ಸರ್‌ನ ದೂರ ಕುಗ್ಗಬಹುದು. ನೇರ ಬಿಸಿಲು ಸೆನ್ಸರ್‌ಗೆ ಬಿದ್ದರೂ ಅದು ಗೊಂದಲಕ್ಕೆ ಬೀಳುತ್ತದೆ. ಇಯರ್‌ಪೀಸ್ ಬಳಿ ಅಂಚು ಮುಚ್ಚುವ ಟೆಂಪರ್ಡ್ ಗ್ಲಾಸ್ ಇದ್ದರೆ ಸದಾ "ಹತ್ತಿರ" ಎಂದೇ ತೋರಿಸಬಹುದು.

ಕ್ಯಾಮೆರಾ ಆ್ಯಪ್ ಹಾಕುವವರು ಗಮನಿಸಬೇಕಾದ್ದು

ಹೊರಗಿನ ಸನ್ನೆ ಆ್ಯಪ್ ಎರಡು ದೊಡ್ಡ ಅನುಮತಿ ಕೇಳುತ್ತದೆ: ಕ್ಯಾಮೆರಾ ಮತ್ತು ಆಕ್ಸೆಸಿಬಿಲಿಟಿ. ಎರಡನೆಯದು ಹಗುರವಾಗಿ ಕೊಡುವಂಥದ್ದಲ್ಲ. ಅದು ಸಿಕ್ಕ ಆ್ಯಪ್ ಸ್ಕ್ರೀನಿನ ಮೇಲಿನ ಬರಹ ಓದಬಲ್ಲದು, ನಿಮ್ಮ ಪರವಾಗಿ ಗುಂಡಿ ಒತ್ತಬಲ್ಲದು. ಸ್ಕ್ರೀನ್ ಸರಿಸಲು ಬೇರೆ ದಾರಿಯಿಲ್ಲ. ಮುಟ್ಟಿದಂತೆ ನಟಿಸುವ ಈ ಸೌಲಭ್ಯವನ್ನು ಆಂಡ್ರಾಯ್ಡ್ 7ರಿಂದ ಆಕ್ಸೆಸಿಬಿಲಿಟಿ ಸೇವೆಗಳಿಗಷ್ಟೇ ಕೊಟ್ಟಿದೆ. ಹಾಗಾಗಿ ಆ್ಯಪ್ ಆರಿಸುವಾಗಲೇ ಎಚ್ಚರ ಬೇಕು. ಆ್ಯಪ್ ಇನ್ಫೊದಲ್ಲಿ ಪರ್ಮಿಷನ್ಸ್ ತೆರೆದು, ಮೂರು ಚುಕ್ಕೆ ಒತ್ತಿ, ಎಲ್ಲ ಅನುಮತಿಗಳ ಪಟ್ಟಿ ನೋಡಿ. ಇಂಟರ್ನೆಟ್ ಕೇಳದ ಆ್ಯಪ್ ಸಿಕ್ಕರೆ ಅದೇ ಲೇಸು. ಕೈ ಗುರುತಿಸಲು ಇಂಟರ್ನೆಟ್ ಬೇಕಾಗಿಲ್ಲ, ಕೆಲಸವೆಲ್ಲ ಫೋನಿನೊಳಗೇ ನಡೆಯಬಲ್ಲದು.

ಪ್ಲೇ ಸ್ಟೋರ್ ಬಿಟ್ಟು ಬೇರೆಡೆಯಿಂದ ಫೈಲ್ ಇಳಿಸಿ ಹಾಕಿದ ಆ್ಯಪ್‌ಗೆ ಆಂಡ್ರಾಯ್ಡ್ 13ರಿಂದ ಆಕ್ಸೆಸಿಬಿಲಿಟಿ ಸ್ವಿಚ್ ಮಸುಕಾಗಿ ಕಾಣುತ್ತದೆ. ಆ್ಯಪ್ ಇನ್ಫೊದ ಮೂರು ಚುಕ್ಕೆಯಲ್ಲಿ "ಅಲೋ ರಿಸ್ಟ್ರಿಕ್ಟೆಡ್ ಸೆಟ್ಟಿಂಗ್ಸ್" ಒತ್ತಿದ ಮೇಲೇ ಅದು ಆನ್ ಆಗುವುದು. ಮೂಲ ಗೊತ್ತಿಲ್ಲದ ಆ್ಯಪ್‌ಗೆ ಅದನ್ನು ಒತ್ತಬೇಡಿ.

ಆ್ಯಪ್ ಕೆಲ ನಿಮಿಷ ನಡೆದು ತಾನಾಗಿಯೇ ನಿಲ್ಲುತ್ತಿದ್ದರೆ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಅದನ್ನು ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಅದರ ನೋಟಿಫಿಕೇಶನ್ ಅಡಗಿಸಬೇಡಿ. ಹಿಂದೆ ಸರಿದ ಆ್ಯಪ್ ಕ್ಯಾಮೆರಾ ಬಳಸುವುದನ್ನು ಆಂಡ್ರಾಯ್ಡ್ 9ರಿಂದ ತಡೆಯಲಾಗಿದೆ. ಕಾಣುವ ನೋಟಿಫಿಕೇಶನ್‌ನೊಂದಿಗೆ ಓಡುವ ಸೇವೆಗೆ ಮಾತ್ರ ಅವಕಾಶ. ಆಂಡ್ರಾಯ್ಡ್ 12ರಿಂದ ಮೂಲೆಯಲ್ಲಿ ಹಸಿರು ಚುಕ್ಕೆಯೂ ಉರಿಯುತ್ತಿರುತ್ತದೆ. ಚುಕ್ಕೆ ಇಲ್ಲವೆಂದರೆ ಕ್ಯಾಮೆರಾ ಓಡುತ್ತಿಲ್ಲ ಎಂದರ್ಥ: ಕ್ವಿಕ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಆಕ್ಸೆಸ್ ಆಫ್ ಆಗಿದೆಯೇ ನೋಡಿ. ವಿಡಿಯೊ ಕರೆ ಬಂದರೆ ಕ್ಯಾಮೆರಾ ಅದರ ಪಾಲಾಗುತ್ತದೆ, ಆಗ ಸನ್ನೆ ನಿಲ್ಲುವುದು ದೋಷವಲ್ಲ.

ಬ್ಯಾಂಕ್ ಆ್ಯಪ್ ತೆರೆಯುವ ಮುನ್ನ ಸನ್ನೆ ಆ್ಯಪ್‌ನ ಆಕ್ಸೆಸಿಬಿಲಿಟಿ ಆಫ್ ಮಾಡಿ. ಆನ್ ಇದ್ದರೆ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲು ಒಪ್ಪುವುದಿಲ್ಲ, ಅದು ಸರಿಯೂ ಹೌದು.

ಕ್ಯಾಮೆರಾ ಸದಾ ಓಡುತ್ತಿದ್ದರೆ ಫೋನ್ ಬಿಸಿಯಾಗುತ್ತದೆ, ಬಿಸಿಯಾದ ಫೋನ್ ಪ್ರೊಸೆಸರ್ ವೇಗ ಇಳಿಸುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆದು ಆಮೇಲೆ ಸನ್ನೆ ತಡವಾಗುತ್ತಿದ್ದರೆ ಬಹುಶಃ ಇದೇ ಕಾರಣ. ಕವರ್ ತೆಗೆಯಿರಿ, ಚಾರ್ಜ್ ಆಗುತ್ತಿದ್ದರೆ ನಿಲ್ಲಿಸಿ, ಕೆಲಸ ಮುಗಿದ ಕೂಡಲೇ ಸನ್ನೆ ಆಫ್ ಮಾಡಿ.

ಬೆಳಕು, ದೂರ ಎಲ್ಲ ಸರಿಯಿದ್ದೂ ಫೋನಿಗೆ ಕೈ ಕಾಣದಿದ್ದರೆ ಲೆನ್ಸ್ ಒರೆಸಿ ನೋಡಿ. ಜಿಡ್ಡು ಕೈಯ ಕೆಲಸಕ್ಕೆ ಬಳಸುವ ಫೋನಿನಲ್ಲಿ ಲೆನ್ಸಿಗೂ ಜಿಡ್ಡು ಹತ್ತಿರುತ್ತದೆ. ಕೈಗೆ ಹಿಟ್ಟೋ ನೀರೋ ಅಂಟಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆಕಾರ ಕಂಡರಾಯಿತು. ಬೆರಳು ಬಿಡಿಬಿಡಿಯಾಗಿ ಕಾಣದಂತೆ ಮಾಡುವ ದಪ್ಪ ಕೈಗವಸು ಕಷ್ಟ. ಪಕ್ಕದಲ್ಲಿ ಇನ್ನೊಬ್ಬರು ಕೈ ಆಡಿಸುತ್ತಿದ್ದರೆ ಫೋನ್ ಅವರ ಕೈ ಹಿಡಿಯಬಹುದು.

ಸ್ವಂತ ಆ್ಯಪ್ ಬರೆಯುವವರಿಗೆ

ಗೂಗಲ್‌ನ ಮೀಡಿಯಾಪೈಪ್ ಎಂಬ ಕೈ ಗುರುತಿಸುವ ಸಾಫ್ಟ್‌ವೇರ್ ಒಂದು ಕೈಗೆ 21 ಬಿಂದುಗಳನ್ನು ಕೊಡುತ್ತದೆ: 0 ಮಣಿಕಟ್ಟು, 4 ಹೆಬ್ಬೆರಳ ತುದಿ, 8 ತೋರುಬೆರಳ ತುದಿ. ಸಿದ್ಧ ಗೆಸ್ಚರ್ ರೆಕಗ್ನೈಸರ್ ತೆರೆದ ಅಂಗೈ, ಮುಷ್ಟಿ, ಮೇಲೆ ತೋರಿಸಿದ ಬೆರಳು, ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಸೇರಿ ಏಳು ಸನ್ನೆ ಗುರುತಿಸುತ್ತದೆ. ಒಂದು ಚಿತ್ರದಲ್ಲಿ ಕಂಡ ಸನ್ನೆಯನ್ನು ನಂಬಬೇಡಿ. ಸತತ 5 ಚಿತ್ರಗಳಲ್ಲಿ ಅದೇ ಸನ್ನೆ ಬಂದರೆ ಮಾತ್ರ ಒಪ್ಪಿ. ಬೀಸು ಅಳೆಯುವಾಗ ಮಣಿಕಟ್ಟು ಸರಿದ ದೂರವನ್ನು 0ರಿಂದ ನಡುಬೆರಳ ಬುಡದ 9ನೇ ಬಿಂದುವಿನವರೆಗಿನ ಅಂಗೈ ಉದ್ದದಿಂದ ಭಾಗಿಸಿ. ಇಲ್ಲವಾದರೆ ಹತ್ತಿರದ ಕೈಯ ಸಣ್ಣ ಅಲುಗಾಟ ದೊಡ್ಡ ಬೀಸೆನಿಸುತ್ತದೆ, ದೂರದ ಕೈಯ ದೊಡ್ಡ ಬೀಸು ಲೆಕ್ಕಕ್ಕೇ ಬರುವುದಿಲ್ಲ. 400 ಮಿಲಿಸೆಕೆಂಡಿನಲ್ಲಿ ಅಂಗೈ ಉದ್ದದ ಒಂದೂವರೆ ಪಟ್ಟು ಸರಿದರೆ ಬೀಸು ಎಂದು ಶುರು ಮಾಡಿ, ಬೇಕಾದಂತೆ ತಿದ್ದಿಕೊಳ್ಳಿ. ಎಡ-ಬಲ ಉಲ್ಟಾ ಬಂದರೆ ಮುಂಬದಿ ಕ್ಯಾಮೆರಾದ ಚಿತ್ರ ಕನ್ನಡಿಯಂತೆ ಮಗುಚಿದೆಯೇ ನೋಡಿ.

ಐಫೋನ್, ವಾಚ್, ಕೈ ಆಡದವರಿಗೆ ಮುಖ

ಐಫೋನ್‌ನಲ್ಲಿ ಹೊರಗಿನ ಆ್ಯಪ್ ಇನ್ನೊಂದು ಆ್ಯಪ್‌ನ ಸ್ಕ್ರೀನ್ ಸರಿಸಲಾರದು, ಆದ್ದರಿಂದ ಮೇಲಿನ ಮ್ಯಾಕ್ರೊ ಅಲ್ಲಿ ಸಾಧ್ಯವಿಲ್ಲ. ಐಓಎಸ್ 18ರಿಂದ ಐಫೋನ್ 12 ಮತ್ತು ಆಮೇಲಿನವುಗಳಲ್ಲಿ ಆಕ್ಸೆಸಿಬಿಲಿಟಿ ಒಳಗೆ, ಕಣ್ಣಿನ ನೋಟದಿಂದಲೇ ಫೋನ್ ನಡೆಸುವ ಐ ಟ್ರ್ಯಾಕಿಂಗ್ ಇದೆ. ಫೋನನ್ನು ಅಲುಗದಂತೆ ಮುಖದಿಂದ ಒಂದು ಮೊಳ, ಅಂದರೆ ಸುಮಾರು 45 ಸೆಂ.ಮೀ. ದೂರ ನಿಲ್ಲಿಸಿ, ಸ್ಕ್ರೀನಿನಲ್ಲಿ ಮೂಡುವ ಚುಕ್ಕೆಗಳನ್ನು ಕಣ್ಣಲ್ಲಿ ಹಿಂಬಾಲಿಸಿ ಹೊಂದಿಸಬೇಕು. ಫೋನ್ ಸ್ವಲ್ಪ ಸರಿದರೂ ಮತ್ತೆ ಹೊಂದಿಸಿಕೊಳ್ಳಿ. ಆಪಲ್ ವಾಚ್ ಸೀರೀಸ್ 9 ಅಥವಾ ಅದರ ನಂತರದ ವಾಚ್ ಕಟ್ಟಿದ್ದರೆ ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಸಲ ತಾಗಿಸಿ ಕರೆ ಎತ್ತಬಹುದು.

ಆಂಡ್ರಾಯ್ಡ್‌ನಲ್ಲಿ ಕೈ ಎತ್ತಲಾಗದವರಿಗೆ ಸ್ವಿಚ್ ಆಕ್ಸೆಸ್‌ನ ಕ್ಯಾಮೆರಾ ಸ್ವಿಚ್ ಇದೆ. ನಗು, ಹುಬ್ಬು ಏರಿಸುವುದು, ಬಾಯಿ ತೆರೆಯುವುದು, ಎಡಕ್ಕೆ, ಬಲಕ್ಕೆ, ಮೇಲಕ್ಕೆ ನೋಡುವುದು, ಹೀಗೆ ಆರು ಮುಖಸನ್ನೆಗಳಿಗೆ ಕೆಲಸ ವಹಿಸಬಹುದು. ಆಯ್ಕೆಗೆ ಹುಬ್ಬು, ಮುಂದಿನದಕ್ಕೆ ಹೋಗಲು ಬಲಕ್ಕೆ ನೋಟ, ಈ ಎರಡರಿಂದ ಶುರು ಮಾಡಿ. ನಗುವನ್ನು ಬಳಸದಿರುವುದು ಮೇಲು, ಮಾತಾಡುವಾಗ ಅದು ತಾನಾಗಿಯೇ ಬರುತ್ತದೆ.